ವಂಡರ್ ವುಮನ್ ಜಿಗಿದಾಗ ಜಿಗಿದದ್ದು ಯಾರು?

ಇವತ್ತಿನ ಎಪಿಸೋಡು ಸುಮಾರು ಐವತ್ತು ವರ್ಷ ಹಳೆಯ ಒಂದು ಅಮೆರಿಕನ್ ಟೀವಿ ಸೀರಿಯಲ್ ಬಗ್ಗೆ. ಆದ್ರೆ ಶುರು ಮಾಡೋದು ನಮ್ಮನೆ ಅಂಗಳದಿಂದ.

ನಾನು ಎರಡನೇ ಕ್ಲಾಸು. ದೂರದರ್ಶನದಲ್ಲಿ ‘ಶಕ್ತಿಮಾನ್’ ಬರ್ತಿದ್ದ ಕಾಲ. ಹಿಂದಿ ಅರ್ಧಕ್ಕರ್ಧ ಅರ್ಥ ಆಗ್ತಿರಲಿಲ್ಲ, ಆದ್ರೂ ಒಂದು ಎಪಿಸೋಡ್ ಬಿಡ್ತಿರಲಿಲ್ಲ. ಮುಗಿದ ತಕ್ಷಣ ಬೀದಿ ಮಕ್ಕಳೆಲ್ಲ ಒಂದು ಕೈ ಮೇಲೆತ್ತಿ ಗಿರಗಿರ ತಿರುಗೋದೇ ಕೆಲಸ. ಹುಡುಗರು ತಿರುಗಿದ್ರೆ ಶಕ್ತಿಮಾನ್. ನಾನು ತಿರುಗಿದ್ರೆ, ‘ನೀನು ಗೀತಾ ಕಣೇ, ನೀನು ತಿರುಗಬಾರ್ದು’ ಅನ್ನೋರು. ಗೀತಾ ವಿಶ್ವಾಸ್ ಅಂದ್ರೆ ಆ ಸೀರಿಯಲ್ಲಿನ ಪತ್ರಕರ್ತೆ, ಶಕ್ತಿಮಾನ್ ಬಂದು ಕಾಪಾಡಬೇಕಾದವಳು. ನಾನು ಕೇಳದೆ ತಿರುಗ್ತಿದ್ದೆ. ಆಗ ಜಗಲಿ ಮೇಲಿಂದ ಅಜ್ಜಿ ಕೂಗು: ‘ಲಂಗ ಹಾರುತ್ತೆ, ನಿಲ್ಸೇ!’

ಲಂಗ ಹಾರುವ ವಿಷಯ ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತೆ.

2017ರಲ್ಲಿ ಪ್ಯಾಟಿ ಜೆಂಕಿನ್ಸ್ ನಿರ್ದೇಶನದ ‘ವಂಡರ್ ವುಮನ್’ ಸಿನಿಮಾ ನೋಡಿ ಬಂದವಳು, ಈ ಪಾತ್ರ ಮೊದಲು ಎಲ್ಲಿತ್ತು ಅಂತ ಹುಡುಕೋಕೆ ಕೂತೆ. ಹಾಗೆ ಸಿಕ್ಕಿದ್ದು 1975ರ ಟೀವಿ ಸೀರಿಯಲ್. ಲಿಂಡಾ ಕಾರ್ಟರ್ ಅನ್ನೋ ನಟಿ, ಎರಡೂ ಕೈ ಚಾಚಿಕೊಂಡು, ಗಿರಗಿರ ತಿರುಗ್ತಾಳೆ. ಒಂದು ಮಿಂಚು, ಒಂದು ಗುಡುಗು. ಕನ್ನಡಕ ಹಾಕಿಕೊಂಡು ಟೈಪ್ ಮಾಡುತ್ತಿದ್ದ ಡಯಾನಾ ಪ್ರಿನ್ಸ್ ವಂಡರ್ ವುಮನ್ ಆಗಿಬಿಡ್ತಾಳೆ. ಮೊಬೈಲ್ ಕೆಳಗಿಟ್ಟು ಒಂದು ನಿಮಿಷ ಸುಮ್ಮನೆ ಕೂತಿದ್ದೆ. ನಾನು ತಿರುಗಬಾರದು ಅಂದರಲ್ಲ, ಇಲ್ಲೊಬ್ಬಳು ಶಕ್ತಿಮಾನ್‌ಗಿಂತ ಇಪ್ಪತ್ತು ವರ್ಷ ಮೊದಲೇ ತಿರುಗಿ ಬಿಟ್ಟಿದ್ದಳು.

ಆ ತಿರುಗುವ ಐಡಿಯಾ ಲಿಂಡಾ ಕಾರ್ಟರ್ ಅವರದ್ದೇ. ಕಾಮಿಕ್ಸ್‌ನಲ್ಲಿ ಅದು ಇರಲಿಲ್ಲ. ಬಟ್ಟೆ ಬದಲಾಗೋದನ್ನ ಟೀವಿಯಲ್ಲಿ ತೋರಿಸೋದು ಹೇಗೆ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ಡ್ಯಾನ್ಸ್ ಕಲಿತಿದ್ದ ಅವರು, ನಾನು ತಿರುಗಿದರೆ ಹೇಗೆ ಅಂದರು. ಮೊದಮೊದಲ ಎಪಿಸೋಡ್‌ಗಳಲ್ಲಿ ಅದು ನಿಧಾನ; ತಿರುಗಿ ನಿಂತಾಗ ಕಳಚಿದ ಬಟ್ಟೆ ಕೈಯಲ್ಲೇ ಇರುತ್ತಿತ್ತು. ಮಿಂಚು, ಗುಡುಗು ಆಮೇಲೆ ಸೇರಿದ್ದು. ಮುಂದೆ ಕಾಮಿಕ್ಸ್‌ನವರೇ ಟೀವಿಯಿಂದ ಅದನ್ನು ಎರವಲು ಪಡೆದರು.

ಈಗ ಆ ಕಾಲಕ್ಕೆ ಹೋಗೋಣ. ಪೈಲಟ್ ಸಿನಿಮಾ ಎಬಿಸಿ ಚಾನೆಲ್‌ನಲ್ಲಿ ಪ್ರಸಾರವಾದದ್ದು 1975ರ ನವೆಂಬರ್ 7ರಂದು. ಅದಕ್ಕೆ ಸುಮಾರು ಒಂದು ವರ್ಷದ ಹಿಂದೆ, 1974ರ ಅಕ್ಟೋಬರ್‌ನಲ್ಲಿ, ಸಾಲ ಅಥವಾ ಕ್ರೆಡಿಟ್ ಕಾರ್ಡ್ ಕೊಡುವಾಗ ಹೆಂಗಸು ಅನ್ನೋ ಕಾರಣಕ್ಕೆ ಭೇದ ಮಾಡುವಂತಿಲ್ಲ ಅನ್ನೋ ಕಾನೂನು ಅಮೆರಿಕದಲ್ಲಿ ಬಂದಿತ್ತು. ಅಂದ್ರೆ ಅಲ್ಲಿಯವರೆಗೆ ಸ್ವಂತ ಸಂಬಳ ಇರೋ ಹೆಂಗಸಿಗೂ ಗಂಡನ ಸಹಿ ತಗೊಂಡು ಬಾ ಅಂತ ಬ್ಯಾಂಕಿನವರು ಹೇಳಬಹುದಿತ್ತು. ಚಂದ್ರನ ಮೇಲೆ ಮನುಷ್ಯ ಇಳಿದು ಐದು ವರ್ಷ ಆಗಿತ್ತು, ಗೊತ್ತಿರಲಿ.

ಅದಕ್ಕೂ ಸ್ವಲ್ಪ ಮೊದಲು ಇನ್ನೊಂದು ಜಗಳ ನಡೆದಿತ್ತು. 1968ರಲ್ಲಿ ಕಾಮಿಕ್ಸ್‌ನವರು ವಂಡರ್ ವುಮನ್ ಶಕ್ತಿಯನ್ನೆಲ್ಲ ಕಿತ್ತುಕೊಂಡು, ಅವಳಿಗೆ ಒಂದು ಬಟ್ಟೆ ಅಂಗಡಿ ಇಟ್ಟುಕೊಟ್ಟಿದ್ದರು. ತಮಾಷೆ ಮಾಡ್ತಿಲ್ಲ. ಹೊಸ ಕಾಲದ ಹೆಣ್ಣು ಅಂದ್ರೆ ಫ್ಯಾಷನ್ ಅಂತ ಅವರ ಲೆಕ್ಕ. ಬಾಲ್ಯದಲ್ಲಿ ಈ ಕಾಮಿಕ್ಸ್ ಓದಿ ಬೆಳೆದಿದ್ದ ಗ್ಲೋರಿಯಾ ಸ್ಟೈನೆಮ್‌ಗೆ ಇದು ಸಹಿಸಲಿಲ್ಲ. 1972ರ ಜುಲೈನಲ್ಲಿ ಅವರ ‘ಮಿಸ್’ ಪತ್ರಿಕೆಯ ಸಂಚಿಕೆ ಬಂದಾಗ, ಮುಖಪುಟದಲ್ಲಿ ನಗರದ ಬೀದಿಯಲ್ಲಿ ದೈತ್ಯಾಕಾರವಾಗಿ ನಡೆದು ಬರುತ್ತಿದ್ದವಳು ಹಳೇ ವೇಷದ ವಂಡರ್ ವುಮನ್. ಮುಂದಿನ ವರ್ಷದ ಆರಂಭಕ್ಕೆ ಕಾಮಿಕ್ಸ್‌ನಲ್ಲಿ ಅವಳ ಶಕ್ತಿ ವಾಪಸ್ ಬಂತು. ಸೀರಿಯಲ್ ಬಂದದ್ದು ಆ ಗೆಲುವಿನ ಬಿಸಿ ಇನ್ನೂ ಆರದಿದ್ದಾಗ.

ಮೊದಲ ಸೀಸನ್ ನಡೆಯೋದು ಎರಡನೇ ಮಹಾಯುದ್ಧದ ಕಾಲದಲ್ಲಿ. ಗಂಡಸರೇ ಇಲ್ಲದ ಪ್ಯಾರಡೈಸ್ ಐಲ್ಯಾಂಡ್‌ನಿಂದ ಬಂದ ರಾಜಕುಮಾರಿ ವಾಷಿಂಗ್ಟನ್ನಿನ ಸೇನಾ ಕಚೇರಿಯಲ್ಲಿ ಮೇಜರ್ ಸ್ಟೀವ್ ಟ್ರೆವರ್‌ನ ಸೆಕ್ರೆಟರಿ. ಅವನನ್ನು ವಾರಕ್ಕೊಮ್ಮೆ ಸಾವಿನಿಂದ ಬಚಾವ್ ಮಾಡಿ, ಮತ್ತೆ ಬಂದು ಅವನ ಫೈಲ್ ಜೋಡಿಸುತ್ತಾಳೆ. ಈ ಸೀಸನ್ ನನಗೆ ಪ್ರಾಣ. ಯಾಕಂದ್ರೆ ಇಲ್ಲಿ ಹೆಂಗಸರ ಜೊತೆ ಹೆಂಗಸರ ಮಾತಿದೆ. ತಾಯಿ ಹಿಪ್ಪೊಲಿಟಾ ಇದ್ದಾಳೆ. ತಂಗಿ ಡ್ರುಸಿಲ್ಲಾ ಇದ್ದಾಳೆ. ಆ ಪಾತ್ರ ಮಾಡಿದ್ದು ಆಗಿನ್ನೂ ಯಾರಿಗೂ ಗೊತ್ತಿಲ್ಲದ ಡೆಬ್ರಾ ವಿಂಗರ್. ಫೌಸ್ಟಾ ಅನ್ನೋ ನಾತ್ಸಿ ಏಜೆಂಟ್ ಬರ್ತಾಳೆ. ವಂಡರ್ ವುಮನ್ ಅವಳಿಗೆ ಹೊಡೆದಷ್ಟೇ ಮಾತಾಡ್ತಾಳೆ. ನೀನು ಯಾರಿಗೆ ದುಡೀತಿದ್ದೀಯೋ ಅವರು ನಿನ್ನನ್ನ ಮನುಷ್ಯಳು ಅಂತ ನೋಡ್ತಾರಾ ಅನ್ನೋದು ಆ ಮಾತಿನ ಸಾರ. ಫೌಸ್ಟಾ ಪಕ್ಷ ಬದಲಿಸುತ್ತಾಳೆ. ವಿಲನ್‌ನನ್ನ ಗುದ್ದಿ ಮುಗಿಸೋ ಬದಲು ಅವಳನ್ನ ಒಪ್ಪಿಸೋ ಸೂಪರ್‌ಹೀರೋ! ಇವತ್ತಿಗೂ ಅಪರೂಪ.

ಆಮೇಲೆ ಖರ್ಚಿನ ಪ್ರಶ್ನೆ ಬಂತು. ಹಳೇ ಕಾರು, ಹಳೇ ಯೂನಿಫಾರ್ಮು, 1940ರ ದಶಕದ ಸೆಟ್ಟು ಎಲ್ಲ ದುಬಾರಿ. ಎಬಿಸಿ ಮೀನಮೇಷ ಎಣಿಸಿತು, ಸಿಬಿಎಸ್ ಎತ್ತಿಕೊಂಡಿತು. 1977ರಿಂದ ಕಥೆ ನೇರ ಆಗಿನ ವರ್ತಮಾನಕ್ಕೆ ಹಾರಿತು. ಸ್ಟೀವ್ ಟ್ರೆವರ್ ಪಾತ್ರ ಮಾಡುತ್ತಿದ್ದ ಲೈಲ್ ವ್ಯಾಗನರ್ ಈಗ ಅವನ ಮಗ, ಸ್ಟೀವ್ ಟ್ರೆವರ್ ಜೂನಿಯರ್. ಡಯಾನಾಗೆ ಬಡ್ತಿ ಸಿಕ್ಕಿದೆ, ಸೆಕ್ರೆಟರಿ ಅಲ್ಲ, ಏಜೆಂಟ್. ಖುಷಿಪಡಬೇಕು ಅಲ್ವಾ? ನನಗೆ ಆಗಲಿಲ್ಲ. ಬಡ್ತಿ ಸಿಗುವಷ್ಟರಲ್ಲಿ ಅವಳ ಸುತ್ತಲಿದ್ದ ಹೆಂಗಸರು ಮಾಯ. ತಂಗಿ ಇಲ್ಲ. ಅಮ್ಮ, ದ್ವೀಪ ಎಲ್ಲೋ ಒಮ್ಮೆ ಕಾಣಿಸಿ ಮರೆಯಾದವು. ಗಂಡಸರ ಆಫೀಸಲ್ಲಿ ಒಬ್ಬಳೇ ಒಬ್ಬಳು ಗಟ್ಟಿಗಿತ್ತಿ. ಈ ಥರದ ‘ಪ್ರಗತಿ’ ನೋಡಿದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ! ಮೂರನೇ ಸೀಸನ್‌ಗೆ ಬಂದರೆ ಡಿಸ್ಕೋ, ಸ್ಕೇಟ್‌ಬೋರ್ಡ್. ಅದನ್ನು ಬಿಡಿ. 1979ಕ್ಕೆ ಸೀರಿಯಲ್ ಮುಗಿಯಿತು.

ಈಗ ಬಟ್ಟೆ ವಿಷಯ. ನಾನು ಈ ಸೀರಿಯಲ್ ಹೊಗಳಿದಾಗಲೆಲ್ಲ ನನ್ನ ಗೆಳತಿಯೊಬ್ಬಳು ಒಂದೇ ಪ್ರಶ್ನೆ ಕೇಳ್ತಾಳೆ: ‘ಅದ್ಯಾವ ಫೆಮಿನಿಸಂ, ಈಜುಡುಗೆ ಹಾಕಿಸಿ ಓಡಿಸೋದು?’ ಇದು ಅವಳೊಬ್ಬಳ ಪ್ರಶ್ನೆ ಅಲ್ಲ. 2016ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ವಂಡರ್ ವುಮನ್‌ಳನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಅಂತ ಘೋಷಿಸಿದಾಗ, ಲಿಂಡಾ ಕಾರ್ಟರ್ ವೇದಿಕೆಯಲ್ಲಿದ್ದರು. ಅಲ್ಲಿನ ಕೆಲವು ಸಿಬ್ಬಂದಿ ಬೆನ್ನು ತಿರುಗಿಸಿ ನಿಂತರು. ಹತ್ತಾರು ಸಾವಿರ ಜನ ವಿರೋಧಿಸಿ ಸಹಿ ಹಾಕಿದರು. ಎರಡು ತಿಂಗಳೊಳಗೆ ಆ ಪದವಿ ಮುಗಿಯಿತು. ನನಗೆ ಎರಡೂ ಕಡೆ ಅರ್ಥ ಆಗ್ತಿತ್ತು. ಲಂಗ ಹಾರಿದ್ರೆ ಹಾರಲಿ ಅನ್ನೋ ಧೈರ್ಯ ಆ ಬಟ್ಟೆಯಲ್ಲಿ ಕಂಡಿತ್ತು. ಆದ್ರೆ ಆ ಬಟ್ಟೆ ಆರಿಸಿದ್ದು ಅವಳಲ್ಲ ಅನ್ನೋದೂ ಗೊತ್ತಿತ್ತು.

ಈ ವಾದದಲ್ಲಿ ನಾನು ಗಮನಿಸದೇ ಇದ್ದ ಒಬ್ಬರು ಇದ್ದರು. ಅದೇ ಬಟ್ಟೆ ಹಾಕಿಕೊಂಡಿದ್ದ ಇನ್ನೊಬ್ಬ ಹೆಂಗಸು. ಹೆಸರು ಜೀನಿ ಎಪ್ಪರ್.

ಲಿಂಡಾ ಕಾರ್ಟರ್ ಅವರ ಡೂಪ್ ಇವರು. ಮಹಡಿಯಿಂದ ಹಾರೋದು, ಗೋಡೆ ಜಿಗಿಯೋದು, ಹೊಡೆದಾಟದಲ್ಲಿ ನೆಲಕ್ಕೆ ಬೀಳೋದು, ನಾನು ರಿವೈಂಡ್ ಮಾಡಿ ಮಾಡಿ ನೋಡಿದ ಎಷ್ಟೋ ದೃಶ್ಯಗಳಲ್ಲಿ ಇರೋದು ಎಪ್ಪರ್ ಮೈ. ಹುಟ್ಟಿದ್ದು 1941ರಲ್ಲಿ. ಕಾಕತಾಳೀಯ ನೋಡಿ, ವಂಡರ್ ವುಮನ್ ಕಾಮಿಕ್ಸ್‌ನಲ್ಲಿ ಮೊದಲು ಕಾಣಿಸಿಕೊಂಡದ್ದೂ ಅದೇ ವರ್ಷ. ಇಡೀ ಮನೆತನವೇ ಸ್ಟಂಟ್ ಮನೆತನ. ಒಂಬತ್ತು ವರ್ಷದ ಹುಡುಗಿಯಾಗಿದ್ದಾಗಲೇ ಕ್ಯಾಮೆರಾ ಮುಂದೆ ಕುದುರೆ ಏರಿ ಇಳಿಜಾರು ಇಳಿದವರು.

ಆ ಕಾಲದ ಹಾಲಿವುಡ್‌ನಲ್ಲಿ ನಟಿ ಬೀಳಬೇಕಾದರೆ ಗಂಡಸಿಗೇ ವಿಗ್ ಹಾಕಿ ಬೀಳಿಸೋದು ಮಾಮೂಲಿ. ಹೆಂಗಸರಿಗೆ ಆಗಲ್ಲ ಅನ್ನೋದು ನೆಪ. ಕೆಲಸ, ಸಂಬಳ ಗಂಡಸರ ಹತ್ತಿರವೇ ಉಳೀತಿತ್ತು. ಇದರ ವಿರುದ್ಧವೇ 1967ರಲ್ಲಿ ಸ್ಟಂಟ್ ಮಾಡುವ ಹೆಂಗಸರು ತಮ್ಮದೇ ಸಂಘ ಕಟ್ಟಿಕೊಂಡರು. ಎಪ್ಪರ್ ಅದರಲ್ಲಿದ್ದರು.

ಈಗ ಬಟ್ಟೆಗೆ ಬನ್ನಿ. ಗಂಡು ಹೀರೋನ ಡೂಪ್ ಪ್ಯಾಂಟು, ಜಾಕೆಟ್ ಹಾಕಿರ್ತಾನೆ. ಒಳಗೆ ಮೊಣಕೈಗೆ, ಮಂಡಿಗೆ, ಬೆನ್ನಿಗೆ, ಸೊಂಟಕ್ಕೆ ಪ್ಯಾಡ್ ಕಟ್ಟಿಕೊಳ್ಳಬಹುದು. ವಂಡರ್ ವುಮನ್ ಡೂಪ್ ಎಲ್ಲಿ ಕಟ್ಟಿಕೊಳ್ಳಬೇಕು? ಭುಜ ಬರಿದು, ತೊಡೆ ಬರಿದು, ಬೆನ್ನು ಅರ್ಧ ಬರಿದು. ಅದೇ ಎತ್ತರ, ಅದೇ ನೆಲ, ಪೆಟ್ಟು ಮಾತ್ರ ನೇರ ಚರ್ಮಕ್ಕೆ, ಮೂಳೆಗೆ. ಇದು ತಿಳಿದ ದಿನ ನನ್ನ ಗೆಳತಿಗೆ ಫೋನ್ ಮಾಡಿದೆ. ಆ ಬಟ್ಟೆ ಬಗ್ಗೆ ನಾವಿಬ್ಬರೂ ವರ್ಷಗಟ್ಟಲೆ ಜಗಳ ಆಡಿದ್ದೆವು, ನೋಡುವವರ ಕಣ್ಣು, ಘನತೆ, ಸ್ವಾತಂತ್ರ್ಯ ಅಂತೆಲ್ಲ. ಅದನ್ನು ಹಾಕಿಕೊಂಡು ಕೆಲಸ ಮಾಡಿದವಳ ಮಂಡಿ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲ’ ಅಂದಳು. ಅರ್ಧ ಸರಿ. ಉಳಿದ ಅರ್ಧ ಏನಂದ್ರೆ, ಆ ಬಟ್ಟೆಯಲ್ಲಿ ಜಿಗಿದವಳು ಗಂಡಸಲ್ಲ, ವಿಗ್ ಅಲ್ಲ. ಹೆಣ್ಣಿಗೆ ಆಗುತ್ತಾ ಅನ್ನೋ ಪ್ರಶ್ನೆಗೆ ಕಥೆ ಏನು ಉತ್ತರ ಕೊಟ್ಟಿತೋ ಬಿಡಿ, ಶೂಟಿಂಗ್ ಜಾಗದಲ್ಲಿ ಅವರು ದಿನಾ ಕೊಡ್ತಿದ್ದರು.

ಕಾರ್ಟರ್ ಕೂಡ ಸುಮ್ಮನೆ ಕೂರೋರಲ್ಲ. ಎರಡನೇ ಸೀಸನ್ನಿನ ಒಂದು ಎಪಿಸೋಡ್‌ನಲ್ಲಿ ಹೆಲಿಕಾಪ್ಟರ್‌ಗೆ ಜೋತುಬಿದ್ದಿರೋದು ಡೂಪ್ ಅಲ್ಲ, ಸ್ವತಃ ಅವರೇ.

ಎಪ್ಪರ್ ಕಥೆ ತಿಳಿದ ಮೇಲೆ, ಈ ಪಾತ್ರದ ಹಿಂದೆ ಮರೆಯಾದ ಹೆಂಗಸರು ಇನ್ನೂ ಇರಬೇಕು ಅನ್ನಿಸ್ತು. ಇದ್ದರು. ವಂಡರ್ ವುಮನ್‌ಳನ್ನು ಸೃಷ್ಟಿಸಿದ್ದು ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್, ಪುಸ್ತಕದ ಮೇಲೆ ‘ಚಾರ್ಲ್ಸ್ ಮೌಲ್ಟನ್’ ಅನ್ನೋ ಹೆಸರು. ಅವರ ಮನೆಯಲ್ಲಿ ಹೆಂಡತಿ ಎಲಿಜಬೆತ್, ಜೊತೆಗೆ ಸಂಗಾತಿ ಆಲಿವ್ ಬೈರ್ನ್. ಆಲಿವ್ ಕೈಗೆ ಹಾಕಿಕೊಳ್ಳುತ್ತಿದ್ದ ಅಗಲ ಕಡಗಗಳೇ ವಂಡರ್ ವುಮನ್ ಗುಂಡು ತಡೆಯುವ ಕಡಗಗಳಾದವು. 1944ರಲ್ಲಿ ಮಾರ್ಸ್ಟನ್ ತಮ್ಮ ವಿದ್ಯಾರ್ಥಿನಿ ಜಾಯ್ ಹಮ್ಮೆಲ್‌ಳನ್ನು ಸಹಾಯಕಿಯಾಗಿ ಇಟ್ಟುಕೊಂಡರು. ಅದೇ ವರ್ಷ ಅವರಿಗೆ ಪೋಲಿಯೋ ಬಡಿಯಿತು. ಇಪ್ಪತ್ತರ ಆಸುಪಾಸಿನ ಆ ಹುಡುಗಿ ಕಥೆ ಮೇಲೆ ಕಥೆ ಬರೆದಳು. ಅಚ್ಚಾಗಿದ್ದು ಮಾತ್ರ ಚಾರ್ಲ್ಸ್ ಮೌಲ್ಟನ್ ಹೆಸರಲ್ಲೇ. 1947ರಲ್ಲಿ ಮಾರ್ಸ್ಟನ್ ತೀರಿಕೊಂಡರು. ಈ ಪಾತ್ರವನ್ನು ನಾನು ನೋಡಿಕೊಳ್ತೀನಿ ಅಂತ ಎಲಿಜಬೆತ್ ಪ್ರಕಾಶಕರಿಗೆ ಪತ್ರ ಬರೆದರು ಎನ್ನುತ್ತಾರೆ ಇತಿಹಾಸಕಾರ್ತಿ ಜಿಲ್ ಲೆಪೋರ್. ಕೆಲಸ ಸಿಕ್ಕಿದ್ದು ಒಬ್ಬ ಗಂಡಸಿಗೆ. ಹಮ್ಮೆಲ್‌ಗೆ ಕಾಮಿಕ್ಸ್ ಲೋಕ ಪ್ರಶಸ್ತಿ ಕೊಟ್ಟದ್ದು 2018ರಲ್ಲಿ. ಆಗ ಅವರಿಗೆ ತೊಂಬತ್ತು ದಾಟಿತ್ತು.

ಎಪ್ಪರ್‌ಗೆ ಅಷ್ಟು ಕಾಯಬೇಕಾಗಲಿಲ್ಲ, ಆದ್ರೆ ಹೆಚ್ಚು ಸುಲಭವೂ ಆಗಲಿಲ್ಲ. 2004ರಲ್ಲಿ ‘ಡಬಲ್ ಡೇರ್’ ಅನ್ನೋ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಇಬ್ಬರು: ಎಪ್ಪರ್, ಮತ್ತು ‘ಝೀನಾ’ ಸೀರಿಯಲ್ಲಿನ ನಾಯಕಿಯ ಡೂಪ್ ಆಗಿದ್ದ ನ್ಯೂಜಿಲೆಂಡಿನ ಹುಡುಗಿ ಝೋಯಿ ಬೆಲ್. ಸಾಧ್ಯ ಆದ್ರೆ ಹುಡುಕಿ ನೋಡಿ. ಅರವತ್ತರ ಹತ್ತಿರದ ಎಪ್ಪರ್ ಇನ್ನೂ ಕೆಲಸಕ್ಕಾಗಿ ಫೋನ್ ಮಾಡ್ತಿರ್ತಾರೆ. ತಾವು ದಶಕಗಟ್ಟಲೆ ಮಾಡಿದ ಕೆಲಸ ಇನ್ನೊಮ್ಮೆ ಕೊಡಿ ಅಂತ ಕೇಳಬೇಕು. ಜೊತೆಗೇ ಆ ಹೊಸ ಹುಡುಗಿಗೆ ದಾರಿ ತೋರಿಸ್ತಾರೆ.

ಎಪ್ಪರ್ 2024ರ ಮೇ ತಿಂಗಳಲ್ಲಿ ತೀರಿಕೊಂಡರು. 83 ವರ್ಷ. ಲಿಂಡಾ ಕಾರ್ಟರ್ ಅವರನ್ನ ನೆನೆದು ಬರೆದದ್ದು ನನ್ನ ಫೋನಿಗೂ ಬಂತು. ಆವತ್ತು ರಾತ್ರಿ ಮೊದಲ ಸೀಸನ್ನಿನ ಒಂದು ಎಪಿಸೋಡ್ ಹಾಕಿದೆ. ಈ ಸಲ ತಿರುಗೋದನ್ನ ಅಲ್ಲ, ಜಿಗಿಯೋದನ್ನ ನೋಡೋಕೆ. ವೇಗ ಕಮ್ಮಿ ಮಾಡಿ, ಬೆರಳಿಂದ ಹಿಂದಕ್ಕೆ ಮುಂದಕ್ಕೆ ಎಳೆದು ನೋಡಿದೆ. ಮುಖ ಕಾಣದಂತೆ ಕೂದಲು ಅಡ್ಡ ಬರುವ ಹಾಗೆ ಅವರು ತಲೆ ತಿರುಗಿಸ್ತಾರೆ, ಅದೂ ಕೆಲಸದ ಒಂದು ಭಾಗ. ನೆಲ ಮುಟ್ಟೋ ಕ್ಷಣದಲ್ಲಿ ಮಂಡಿ ಎರಡೂ ಬರಿದು. ಎದ್ದು, ಫ್ರೇಮಿನಿಂದ ಆಚೆ ಓಡ್ತಾರೆ. ಮುಂದಿನ ಶಾಟ್‌ನಲ್ಲಿ ಲಿಂಡಾ ಕಾರ್ಟರ್ ಮುಖ.