ದ್ರಾವಣದಲ್ಲಿ ಕ್ಷಣಜೀವಿಗಳ ಶೋಧನೆ

ದೊಡ್ಡಬಳ್ಳಾಪುರದ ಮಗ್ಗದಲ್ಲಿ ಓಡುವ ಲಾಳಿಯು ಕಣ್ಣಿಗೆ ನಿಲ್ಲದಿದ್ದರೂ ನೆಯ್ದ ಬಟ್ಟೆಯಿಂದ ಅದರ ಓಟವನ್ನು ಊಹಿಸಬಹುದು. ರಸಾಯನಶಾಸ್ತ್ರದಲ್ಲಿ ಮುಕ್ತ ರಾಡಿಕಲ್ಲುಗಳೆಂಬ ಅಣುಖಂಡಗಳ ವಿಷಯವೂ ಬಹುಕಾಲ ಹೀಗೆಯೇ ಇದ್ದಿತು. ಜೊತೆಯಿಲ್ಲದ ಎಲೆಕ್ಟ್ರಾನೊಂದನ್ನು ಹೊತ್ತಿರುವ ಇವು ಎದುರಾದುದರೊಡನೆ ಕೂಡಿ ಒಡನೆಯೇ ಇಲ್ಲವಾಗುವುವು.

1900ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮೋಸೆಸ್ ಗೊಂಬರ್ಗನು ಹಳದಿ ದ್ರಾವಣವೊಂದರಲ್ಲಿ ಇಂತಹ ರಾಡಿಕಲ್ಲಿರುವುದೆಂದು ಸಾರಿದಾಗ ಅನೇಕ ವಿದ್ವಾಂಸರು ನಂಬಲಿಲ್ಲ. ಮೂರು ಬೆಂಜೀನ್ ಬಳೆಗಳ ಬೇಲಿಯೊಳಗಿದ್ದುದರಿಂದ ಅದು ದೀರ್ಘಾಯುವಾಗಿದ್ದಿತು. ಬೇಲಿಯಿಲ್ಲದ ಮೀಥೈಲನ್ನು 1929ರಲ್ಲಿ ಬರ್ಲಿನ್ನಿನ ಪಾನೆತ್ ಮತ್ತು ಹೋಫೆಡಿಟ್ಸ್ ಎಂಬುವರು ಗುರುತಿಸಿದರು. ಕೊಳವೆಯಲ್ಲಿ ಅನಿಲವು ಹರಿಯುತ್ತಿದ್ದಂತೆ ಒಳಮೈಯ ಸೀಸದ ಕನ್ನಡಿಯು ಕರಗಿಹೋಯಿತು. ಹೊಗೆಯಿಂದ ಬೆಂಕಿಯನ್ನು ತಿಳಿದಂತೆ ಇದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲವೆಂದು ನೈಯಾಯಿಕರು ಆಕ್ಷೇಪಿಸಿಯಾರು. ಅದೂ ವಿರಳವಾದ ಅನಿಲದಲ್ಲಿ. ದ್ರಾವಣದಲ್ಲಾದರೋ ಕರಗದ ರಾತ್ರಿಯ ಜನಸಂದಣಿಯಂತೆ ಅಣುಗಳು ಭುಜಕ್ಕೆ ಭುಜ ತಾಗಿ ನಿಂತಿರುವುವು.

1949ರಲ್ಲಿ ಕೇಂಬ್ರಿಜ್ಜಿನ ನಾರಿಷ್ ಮತ್ತು ಪೋರ್ಟರರು ತೀಕ್ಷ್ಣವಾದ ಮಿಂಚಿನಿಂದ ಅಣುಗಳನ್ನೊಡೆದು, ಮತ್ತೊಂದು ಮಿಂಚಿನಿಂದ ಚೂರುಗಳನ್ನು ನೋಡುವ ಉಪಾಯವನ್ನು ಪ್ರಕಟಿಸಿದರು. ಆದರೆ ದ್ರಾವಣದಲ್ಲಿ ವರ್ಣಪಟ್ಟಿಗಳು ಹರಡಿ ಒಂದರ ಮೇಲೊಂದು ಬೀಳುವುದರಿಂದ ಯಾವುದು ಯಾವುದೆಂಬ ಸಂಶಯ ಉಳಿಯಿತು. 1960ರ ದಶಕದ ಕೊನೆಯಲ್ಲಿ ಇನ್ನೊಂದು ಮಾರ್ಗ ಬಂದಿತು: ಬೋನಿನಂತಹ ವಸ್ತುವನ್ನು ಬೆರೆಸಿ ರಾಡಿಕಲ್ಲನ್ನು ಹಿಡಿದು, ದೀರ್ಘಾಯುವಾದ ಹೊಸ ರಾಡಿಕಲ್ಲನ್ನಾಗಿ ಮಾಡಿ, ಅದರ ಎಲೆಕ್ಟ್ರಾನಿನ ಕಾಂತಗುಣವನ್ನು ಅಳೆಯುವುದು. ಕೆಲವೊಮ್ಮೆ ಕಳ್ಳನೇ ಬಾರದೆ ಬೋನು ತಾನಾಗಿ ಮುಚ್ಚಿಕೊಳ್ಳುವುದೂ ಉಂಟು. ಅದೇ ವಸ್ತುವು ಬೇರೆ ಕ್ರಿಯೆಯಿಂದಲೂ ಹುಟ್ಟಬಹುದಷ್ಟೆ.

ಈ ಸಂಶಯವನ್ನು ಬಹುಮಟ್ಟಿಗೆ ತಗ್ಗಿಸಿದ ಸಾಧನಕ್ಕೂ ಬೆಂಗಳೂರಿಗೂ ಹಳೆಯ ನಂಟುಂಟು. ಸಿ. ವಿ. ರಾಮನ್ನರು ತಾವು ಕಂಡ ನೂತನ ವಿಕಿರಣವನ್ನು ಕುರಿತು 1928ರ ಮಾರ್ಚ್ 16ರಂದು ಉಪನ್ಯಾಸ ಮಾಡಿದುದು ಈ ನಗರದಲ್ಲಿಯೇ. ಚದರಿದ ಬೆಳಕಿನ ಆ ರೇಖೆಗಳು ಕಿರಿದಾದುವು; ಅಣುವಿನ ಒಂದೊಂದು ಬಂಧದ ಕಂಪನವೂ ತನ್ನ ಮುದ್ರೆಯನ್ನೊತ್ತುವುದು. ಇಲ್ಲಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಶಿವ ಉಮಾಪತಿಯವರೂ ಅವರ ಶಿಷ್ಯರೂ 1990ರ ದಶಕದಿಂದ ಈ ಮಾರ್ಗವನ್ನು ಹಿಡಿದು, ಕ್ವಿನೋನ್ ವರ್ಗದ ಕ್ಷಣಿಕ ರಾಡಿಕಲ್ಲುಗಳ ರಚನೆಯನ್ನು ದ್ರಾವಣದಲ್ಲಿಯೇ ಪರಿಶೀಲಿಸಿರುವರು. ಮೊದಲ ಲೇಸರ್ ಮಿಡಿತವು ಕ್ರಿಯೆಯನ್ನು ಹೂಡಿದರೆ ಎರಡನೆಯದು ಪರೀಕ್ಷಿಸುವುದು. ಎರಡನೆಯದರ ಬಣ್ಣವು ರಾಡಿಕಲ್ಲು ಹೀರುವ ಬಣ್ಣಕ್ಕೆ ಹೊಂದಿದರೆ ದುರ್ಬಲವಾದ ರಾಮನ್ ಬೆಳಕು ಸಾವಿರಾರು ಪಾಲು ಹೆಚ್ಚುವುದು. ಆದರೂ ದ್ರಾವಕವು ತನ್ನ ರೇಖೆಗಳನ್ನು ಎಲ್ಲೆಡೆಯೂ ಚೆಲ್ಲಿರುವುದು. ಅದನ್ನು ಪ್ರತ್ಯೇಕವಾಗಿ ಅಳೆದು, ಒಡೆಯದೆ ಉಳಿದ ಅಣುಗಳದನ್ನೂ ಅಳೆದು, ಎರಡನ್ನೂ ಕಳೆದ ಬಳಿಕ ನಿಲ್ಲುವ ಸಣ್ಣ ರೇಖೆಗಳೇ ರಾಡಿಕಲ್ಲಿನವು.