ಅತ್ತೆಯವರ ಹಿಡಿಕಂಬಿ

ಬಚ್ಚಲಿನ ಕಾಂಕ್ರೀಟ್ ನೆಲಕ್ಕೆ ಬಿಗಿದಿದ್ದ ಹಿಡಿಕಂಬಿ ಕಿತ್ತುಬಂದು ಅತ್ತೆಯವರು ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ನೋಡಿದರೆ, ತೂತಿನೊಳಗಿದ್ದ ಮರದ ಬೆಣೆ ಕೊಳೆತು ಪುಡಿಯಾಗಿತ್ತು.

ಹಿಂದೆ ಇಂಗ್ಲೆಂಡಿನಲ್ಲೂ ಗೋಡೆ ಕೆತ್ತಿ ಬೆಣೆ ಹೊಡೆಯುವುದೇ ರೂಢಿ. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಕೆಡಿಸದೆ ವಿದ್ಯುತ್ ಸಲಕರಣೆ ಕೂರಿಸಲೆಂದು ಜಾನ್ ಜೋಸೆಫ್ ರಾಲಿಂಗ್ಸ್ 1911ರಲ್ಲಿ ಸೆಣಬಿನ ನಾರನ್ನು ಪ್ರಾಣಿರಕ್ತದಿಂದ ಅಂಟಿಸಿ ಪುಟ್ಟ ಕೊಳವೆ ಮಾಡಿದ. ಸ್ಕ್ರೂ ಒಳಹೊಕ್ಕಂತೆ ಅದು ಹಿಗ್ಗಿ ತೂತನ್ನು ಕಚ್ಚಿಕೊಳ್ಳುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ನರು ಹೇಳುವ ‘ರಾಲ್ ಪ್ಲಗ್’ ಅವನ ಹೆಸರಿನದೇ. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ನೈಲಾನಿನದು ತಂದ.

ಈ ಸಲ ನೆಲಕ್ಕೆ ಕಬ್ಬಿಣದ ಆಂಕರ್ ಬೋಲ್ಟ್ ಹಾಕಿಸಿದೆವು. ನಟ್ಟು ತಿರುಗಿಸಿದಂತೆ ಅದೂ ಒಳಗೆ ಹಿಗ್ಗಿಯೇ ಹಿಡಿಯುತ್ತದೆ. ತೂತಿನ ಧೂಳನ್ನು ಮಾತ್ರ ಮೊದಲು ಪೂರ್ತಿ ತೆಗೆಯಬೇಕು. ಇಲ್ಲದಿದ್ದರೆ ಹಿಡಿತ ಸಡಿಲ. ಮರುದಿನ ಅತ್ತೆಯವರು ಕಂಬಿಯನ್ನು ಎರಡು ಸಲ ಅಲ್ಲಾಡಿಸಿ ನೋಡಿದರು. ಆಮೇಲೆಯೇ ಚೊಂಬು ಕೈಗೆತ್ತಿಕೊಂಡರು.