ಕುಳಿಯೋ, ಉಬ್ಬೋ? ಶಾಸನದ ಓದು ಮತ್ತು ಮೇಲ್ಬೆಳಕಿನ ಭ್ರಮೆ

ಕೃಷ್ಣೆಯ ದಂಡೆಯ ಖಿದ್ರಾಪುರ ಇಂದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಊರು. ಹೊಳೆ ದಾಟಿದರೆ ಕಾಗವಾಡ ತಾಲೂಕಿನ ಜುಗೂಳ. ನಿಪ್ಪಾಣಿ ತಾಲೂಕಿನ ಬೋರಗಾಂವವೂ ದೂರವಿಲ್ಲ. ಶಿಲಾಹಾರರ ಕಾಲದಲ್ಲಿ, 12ನೆಯ ಶತಮಾನದಲ್ಲಿ ಎದ್ದ ಇಲ್ಲಿನ ಕೋಪೇಶ್ವರ ದೇವಾಲಯದ ಶಾಸನಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಕನ್ನಡದವು. ದಕ್ಷಿಣದ ಬಾಗಿಲ ಹತ್ತಿರ ಹೊರಗೋಡೆಯಲ್ಲಿರುವ, ಯಾದವ ಸಿಂಘಣನ ಕಾಲದ ಶಾಸನವೊಂದೇ ನಾಗರಿ ಲಿಪಿಯ ಸಂಸ್ಕೃತದಲ್ಲಿದೆ. ಕನ್ನಡ ನಾಡಿನ ಬಹುಪಾಲು ಶಿಲಾಶಾಸನಗಳ ಹಾಗೆ ಇವೂ ಕಲ್ಲಿನೊಳಕ್ಕೆ ಕೊರೆದ ಬರಹಗಳು. ಇಂಥ ಬರಹದ ಒಂದು ಛಾಯಾಚಿತ್ರವನ್ನು ಕೈಗೆ ತೆಗೆದುಕೊಂಡು ತಲೆಕೆಳಗು ಮಾಡಿ ನೋಡಿದರೆ ಅಗೆದ ಅಕ್ಷರಗಳು ಕಲ್ಲಿನಿಂದ ಹೊರಕ್ಕೆ ಉಬ್ಬಿ ನಿಲ್ಲುತ್ತವೆ. ಗೆರೆಯೊಂದೂ ಬದಲಾಗಿರುವುದಿಲ್ಲ, ಬದಲಾದದ್ದು ನೋಡುವವರ ಮನಸ್ಸು ಕಟ್ಟಿಕೊಂಡ ಆಕಾರ ಮಾತ್ರ.

ದೃಷ್ಟಿಭ್ರಮೆಗಳ ಅಧ್ಯಯನದಲ್ಲಿ ಉಬ್ಬುತಗ್ಗಿನ ಈ ಪಲ್ಲಟ ಹಳೆಯ ವಿಷಯ. ಶಾಸನಶಾಸ್ತ್ರದ ಕಡೆಯಿಂದ ಅದನ್ನು ನೋಡಿದವರು ಕಡಿಮೆ. ಶಾಸನವನ್ನು ಓದುವ ಕಸುಬು ಈ ಭ್ರಮೆಗೆ ತನ್ನದೇ ಪರಿಹಾರಗಳನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ಮೊಬೈಲ್ ಕ್ಯಾಮೆರಾದ ಕಾಲದಲ್ಲಿ ಆ ಪರಿಹಾರಗಳು ಕೈಬಿಟ್ಟುಹೋಗುತ್ತಿವೆ ಎಂಬುದು ಈ ಲೇಖನದ ವಾದ.

ಮೇಲಿನಿಂದ ಬರುವ ಬೆಳಕು

ಕೊರೆದ ಒಂದು ಅಡ್ಡಗೆರೆಯನ್ನು ಹತ್ತಿರದಿಂದ ನೋಡಬೇಕು. ಉಳಿಯ ಗೆರೆಗೆ ಎರಡು ಇಳಿಜಾರುಗಳಿರುತ್ತವೆ. ಬೆಳಕು ಮೇಲಿನಿಂದ ಬಿದ್ದಾಗ ಗೆರೆಯ ಮೇಲಂಚು ನೆರಳಿನಲ್ಲಿ ಮುಳುಗುತ್ತದೆ, ಕೆಳಗಿನ ಅಂಚು ಬೆಳಗುತ್ತದೆ. ಉಬ್ಬಿದ ಗೆರೆಯಲ್ಲಿ ಇದು ತಿರುಗಮುರುಗು: ಮೇಲಂಚು ಬೆಳಗಿ ಕೆಳಗಿನದು ಕಪ್ಪಾಗುತ್ತದೆ. ಹಾಗಾಗಿ ‘ಮೇಲೆ ಕಪ್ಪು, ಕೆಳಗೆ ಬಿಳಿ’ ಎಂಬ ಒಂದೇ ವಿನ್ಯಾಸಕ್ಕೆ ಎರಡು ಅರ್ಥಗಳು ಸಾಧ್ಯ. ಬೆಳಕು ಮೇಲಿನದಾದರೆ ಅದು ತಗ್ಗು, ಕೆಳಗಿನದಾದರೆ ಉಬ್ಬು. ಚಿತ್ರದಲ್ಲಿ ಬೆಳಕಿನ ಮೂಲ ಕಾಣದಿದ್ದಾಗ ಕಣ್ಣು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಅದು ಸಾಮಾನ್ಯವಾಗಿ ಮೇಲಿನ ಬೆಳಕನ್ನೇ ಆರಿಸುತ್ತದೆ.

ಸೂಕ್ಷ್ಮದರ್ಶಕದಲ್ಲಿ ಮುದ್ರೆಗಳನ್ನೂ ನಾಣ್ಯಗಳನ್ನೂ ನೋಡುತ್ತಿದ್ದ 18ನೆಯ ಶತಮಾನದ ಯುರೋಪಿನ ವಿದ್ವಾಂಸರನ್ನು ಈ ಪಲ್ಲಟ ಕಾಡಿತು. ಮಸೂರಗಳು ಬಿಂಬವನ್ನು ತಲೆಕೆಳಗು ಮಾಡುತ್ತಿದ್ದುದರಿಂದ ತಗ್ಗು ಉಬ್ಬಾಗಿ ಕಾಣುತ್ತಿತ್ತು. ಅಮೆರಿಕದ ಖಗೋಳಜ್ಞ ಡೇವಿಡ್ ರಿಟನ್‌ಹೌಸ್ 1786ರಲ್ಲಿ ಇದರ ಕಾರಣವನ್ನು ಬೆಳಕಿನ ದಿಕ್ಕಿನಲ್ಲಿ ಗುರುತಿಸಿದ. 1826ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಇದನ್ನೇ ವಿಸ್ತಾರವಾಗಿ ಚರ್ಚಿಸಿದ.

ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಚರ್ಚೆಗೆ ಹೊಸ ತಿರುವು ಕೊಟ್ಟವು. ಬೂದು ಹಿನ್ನೆಲೆಯ ಮೇಲೆ ಕೆಲವು ವೃತ್ತಗಳು: ಕೆಲವಕ್ಕೆ ಮೇಲ್ಭಾಗ ಬಿಳುಪು, ಕೆಲವಕ್ಕೆ ಕೆಳಭಾಗ. ಮೊದಲನೆಯವು ಗೋಲಿಗಳಂತೆಯೂ ಎರಡನೆಯವು ಗುಳಿಗಳಂತೆಯೂ ಕಾಣುತ್ತವೆ. ಇಡೀ ದೃಶ್ಯಕ್ಕೆ ಬೆಳಕಿನ ಮೂಲ ಒಂದೇ ಎಂದು ಮಿದುಳು ನಂಬಿ ನಡೆಯುತ್ತದೆ ಎಂಬುದು ಅವರ ಮುಖ್ಯ ತೀರ್ಮಾನಗಳಲ್ಲೊಂದು. ಡೊರೊಥಿ ಕ್ಲೆಫ್‌ನರ್ ಜೊತೆ 1992ರಲ್ಲಿ ನಡೆಸಿದ ಅಧ್ಯಯನದಲ್ಲಿ ಇನ್ನೂ ಸೋಜಿಗದ ಸಂಗತಿ ಹೊರಬಂತು. ನೋಡುವವರು ತಮ್ಮ ತಲೆಯನ್ನೇ ತಿರುಗಿಸಿದರೂ ಉಬ್ಬುತಗ್ಗುಗಳು ಅದಲುಬದಲಾಗುತ್ತವೆ. ಅಂದರೆ ಇಲ್ಲಿ ‘ಮೇಲೆ’ ಎಂಬುದನ್ನು ತೀರ್ಮಾನಿಸುವುದು ಆಕಾಶವಲ್ಲ, ಕಣ್ಣಿನ ಪಟಲ.

ಈ ನಂಬಿಕೆ ಹುಟ್ಟಿನಿಂದ ಬಂದದ್ದೇ, ಕಲಿತದ್ದೇ? 1970ರಲ್ಲಿ ವೇನ್ ಹರ್ಷ್‌ಬರ್ಗರ್ ಕೋಳಿಮರಿಗಳನ್ನು ಕೆಳಗಿನಿಂದ ಬೆಳಕು ಬೀಳುವ ಗೂಡಿನಲ್ಲಿ ಬೆಳೆಸಿ ನೋಡಿದರು. ಮೇಲಿನ ಬೆಳಕನ್ನೇ ಕಾಣದ ಆ ಮರಿಗಳೂ ಬೆಳಕು ಮೇಲಿನಿಂದ ಬರುತ್ತದೆ ಎಂಬಂತೆಯೇ ಉಬ್ಬುತಗ್ಗನ್ನು ಗುರುತಿಸಿದವು. ಮನುಷ್ಯರಲ್ಲಿ ಮಾತ್ರ ಇದು ಅಷ್ಟು ಗಟ್ಟಿಯಲ್ಲ. ವೆಂಡಿ ಆಡಮ್ಸ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಕಣ್ಣಿಗೆ ಕಂಡ ಆಕಾರವನ್ನು ಬೆರಳಿನಿಂದ ಮುಟ್ಟಿ ನೋಡುವ ತರಬೇತಿ ಕೊಟ್ಟರೆ ಬೆಳಕಿನ ಕಲ್ಪಿತ ದಿಕ್ಕು ಸ್ವಲ್ಪ ಸರಿಯುತ್ತದೆ. ಸವೆದ ಶಾಸನದ ಮೇಲೆ ಬೆರಳಾಡಿಸಿ ಅಕ್ಷರ ಹಿಡಿಯುವ ಸಂಶೋಧಕರಿಗೆ ಈ ಫಲಿತಾಂಶ ಹೊಸದೆನಿಸಲಾರದು.

ಪಡಿಯಚ್ಚು ಮಾಡಿದ ಕೆಲಸ

ಶಾಸನದ ಪಡಿಯಚ್ಚು ತೆಗೆಯುವ ಕ್ರಮ ಸರಳ. ಕಲ್ಲನ್ನು ತೊಳೆದು, ಅಕ್ಷರಗಳಲ್ಲಿ ಕೂತ ಮಣ್ಣು ಪಾಚಿಯನ್ನು ಬ್ರಷ್ಷಿನಿಂದ ತೆಗೆದು, ಒದ್ದೆ ಕಾಗದವನ್ನು ಮೇಲೆ ಹಾಸುತ್ತಾರೆ. ಗಟ್ಟಿ ಕೂದಲಿನ ಬ್ರಷ್ಷಿನಿಂದ ತಟ್ಟುತ್ತ ಹೋದಂತೆ ಕಾಗದ ಕೊರೆತಗಳೊಳಕ್ಕೆ ಇಳಿಯುತ್ತದೆ. ಆಮೇಲೆ ಮಸಿಯುಂಡೆಯಿಂದ ಒತ್ತಿದರೆ ಕಲ್ಲಿನ ಮೈಯೆಲ್ಲ ಕಪ್ಪಾಗಿ, ಇಳಿದ ಅಕ್ಷರಗಳು ಮಸಿ ತಾಗದೆ ಬಿಳಿಯಾಗಿ ಉಳಿಯುತ್ತವೆ.

ಕಾಣುವ ಕ್ರಿಯೆಯ ಕಡೆಯಿಂದ ನೋಡಿದರೆ ಇಲ್ಲಿ ದೊಡ್ಡದೊಂದು ಕೆಲಸ ನಡೆದಿದೆ. ನೆರಳು ಬೆಳಕಿನಿಂದ ಊಹಿಸಬೇಕಿದ್ದ ಆಳವನ್ನು ಪಡಿಯಚ್ಚು ನೇರವಾಗಿ ಬಣ್ಣಕ್ಕೆ ಬದಲಿಸಿದೆ. ತಗ್ಗೆಂದರೆ ಬಿಳಿ, ಮೈಯೆಂದರೆ ಕಪ್ಪು. ಕಾಗದವನ್ನು ಯಾವ ಕಡೆಗೆ ತಿರುಗಿಸಿದರೂ, ಯಾವ ಕಿಟಕಿಯ ಬೆಳಕಿನಲ್ಲಿ ಹಿಡಿದರೂ ಈ ಸಂಬಂಧ ಕೆಡುವುದಿಲ್ಲ. ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗದಲ್ಲಿ ಇಂಥ ಪಡಿಯಚ್ಚುಗಳ ದೊಡ್ಡ ಸಂಗ್ರಹವಿದೆ.

ಛಾಯಾಚಿತ್ರದ ದಾರಿ ಬೇರೆ. ಧಾರವಾಡ ಮತ್ತು ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳು 1866ರಲ್ಲೇ ಪುಸ್ತಕವಾಗಿ ಬಂದವು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ 1878ರಲ್ಲಿ ಹೊರತಂದ ಪಾಳಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಸಂಪುಟಕ್ಕೂ ಛಾಯಾಚಿತ್ರಗಳೇ ಆಧಾರ. ಕ್ಯಾಮೆರಾ ಮೇಲ್ಮೈಯನ್ನು ಮುಟ್ಟುವುದಿಲ್ಲ, ಬೆಳಕನ್ನಷ್ಟೇ ಹಿಡಿಯುತ್ತದೆ. ಬೆಳಕಿನ ದಿಕ್ಕು ದಾಖಲಾಗದಿದ್ದರೆ ಆಳದ ಅರ್ಧ ಮಾಹಿತಿ ಅಲ್ಲೇ ಸೋರಿಹೋಗುತ್ತದೆ.

ಗುಡಿಯೊಳಗಿನ ಚಿತ್ರಗಳಲ್ಲಿ ಈ ತೊಂದರೆ ಹೆಚ್ಚು. ಖಿದ್ರಾಪುರದ ಸ್ವರ್ಗಮಂಟಪದ ಚಾವಣಿಯಲ್ಲಿ ದೊಡ್ಡ ದುಂಡು ತೆರವಿದೆ, ಅದರ ಸುತ್ತ ಹನ್ನೆರಡು ಕಂಬಗಳು. ಅಲ್ಲಿನ ಶಿಲ್ಪಗಳಿಗೆ ಆಕಾಶದ ಬೆಳಕು ಮೇಲಿನಿಂದಲೇ ಬೀಳುವುದರಿಂದ ಕಣ್ಣಿನ ನಂಬಿಕೆಗೂ ಕಲ್ಲಿಗೂ ಜಗಳವಿಲ್ಲ. ಮುಚ್ಚಿದ ಮಂಟಪಗಳಲ್ಲಿ ಹಾಗಲ್ಲ. ಬಾಗಿಲಿನಿಂದ ಬಂದ ಬಿಸಿಲು ನೆಲಕ್ಕೆ ಬಿದ್ದು, ಅಲ್ಲಿಂದ ಚಿಮ್ಮಿ ಗೋಡೆಗೂ ತೊಲೆಗೂ ಕೆಳಗಿನಿಂದ ತಾಗುತ್ತದೆ. ಎದುರು ನಿಂತವರಿಗೆ ಬಾಗಿಲು, ನೆಲ, ನೆರಳು ಎಲ್ಲ ಕಾಣುವುದರಿಂದ ಗೊಂದಲವಾಗದು. ಅಕ್ಷರದ ಸಾಲುಗಳಷ್ಟನ್ನೇ ಕತ್ತರಿಸಿ ಮುದ್ರಿಸಿದ ಚಿತ್ರದಲ್ಲಿ ಈ ಸುಳಿವುಗಳು ಉಳಿದಿರುವುದಿಲ್ಲ.

ಅಕ್ಷರ ಉಬ್ಬಾಗಿ ಕಂಡರೆ ಓದಿಗೇನು ನಷ್ಟ ಎಂದು ಕೇಳಬಹುದು. ಗೆರೆಯ ರೂಪ ಹೇಗೂ ಅದೇ ಇರುತ್ತದಲ್ಲ. ನಷ್ಟವಾಗುವುದು ಅನುಮಾನವಿರುವ ಕಡೆ. ಹಳೆಯ ಬರಹವನ್ನು ಉಜ್ಜಿ ಮತ್ತೆ ಕೆತ್ತಿದ ಜಾಗ ಸುತ್ತಲಿನ ಮೈಗಿಂತ ತಗ್ಗಾಗಿರುತ್ತದೆ. ಪಲ್ಲಟಗೊಂಡ ಚಿತ್ರದಲ್ಲಿ ಅದೇ ಎದ್ದ ಪಟ್ಟಿಯಾಗಿ, ಮೊದಲಿನಿಂದಲೂ ಇದ್ದ ಅಲಂಕಾರದಂತೆ ಕಾಣಬಹುದು. ಕಲ್ಲಿನ ಸಹಜ ಗುಬುಟು ಗುಳಿಯಾಗಿ ಕಂಡು ಅನುಸ್ವಾರದ ಸೊನ್ನೆ ಎನಿಸಿಬಿಡಬಹುದು. ದಾನದ ಭೂಮಿಯ ಅಳತೆಯನ್ನೋ ಶಕವರ್ಷವನ್ನೋ ಹೇಳುವ ಸಾಲಿನಲ್ಲಿ ಇಂಥ ಎಡವಟ್ಟು ಸಣ್ಣದಲ್ಲ.

ವಿಜಯಪುರದ ಕಡೆ ಹೋದರೆ ಸಮಸ್ಯೆಯ ಇನ್ನೊಂದು ಮುಖ ಕಾಣುತ್ತದೆ. ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಅರೇಬಿಕ್ ಮತ್ತು ಫಾರ್ಸಿ ಬರಹಗಳನ್ನು ಸುತ್ತಲಿನ ಕಲ್ಲನ್ನು ಕಡಿದು ಉಬ್ಬಾಗಿ ಬಿಡಿಸಲಾಗಿದೆ. ಒಂದೇ ಸೀಮೆಯ ಎರಡು ಬರವಣಿಗೆಯ ಪದ್ಧತಿಗಳಲ್ಲಿ ಒಂದು ಕೊರೆದದ್ದು, ಇನ್ನೊಂದು ಉಬ್ಬಿಸಿದ್ದು. ಯಾವುದು ಯಾವುದೆಂಬ ಪೂರ್ವಜ್ಞಾನ ಇರುವ ಓದುಗರಿಗೆ ಭ್ರಮೆಯನ್ನು ಹಿಮ್ಮೆಟ್ಟಿಸುವುದು ಸುಲಭ. ಇಲ್ಲದವರಿಗೆ ನೆರಳೊಂದೇ ಸಾಕ್ಷಿ.

ನದಿ ಕಣಿವೆಯೂ ದೀಪದ ಹೆಣ್ಣೂ

ಶಾಸನದ ಕಲ್ಲಿನಲ್ಲಿ ಆಗುವುದೇ ಉಪಗ್ರಹ ಚಿತ್ರದಲ್ಲೂ ಆಗುತ್ತದೆ. ಭೂಮಿಯನ್ನು ಚಿತ್ರಿಸುವ ಅನೇಕ ಉಪಗ್ರಹಗಳು ಬೆಳಗಿನ ಹತ್ತೂವರೆಯ ಆಸುಪಾಸಿನಲ್ಲಿ ಹಾದುಹೋಗುತ್ತವೆ. ಬೋರಗಾಂವದ ಅಕ್ಷಾಂಶದಲ್ಲಿ ವರ್ಷದ ಹೆಚ್ಚಿನ ತಿಂಗಳು ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುತ್ತಾನೆ. ಉತ್ತರ ಮೇಲಿರುವ ಚಿತ್ರದಲ್ಲಿ ಇದು ಕೆಳಗಿನ ಬಲಮೂಲೆಯಿಂದ ಬಂದ ಬೆಳಕು. ಕಣ್ಣು ನಿರೀಕ್ಷಿಸುವುದು ಇದಕ್ಕೆ ವಿರುದ್ಧವಾದದ್ದನ್ನು. 1998ರಲ್ಲಿ ಜೆನಿಫರ್ ಸನ್ ಮತ್ತು ಪಿಯೆಟ್ರೊ ಪೆರೋನ ಪ್ರಕಟಿಸಿದ ಅಧ್ಯಯನದ ಪ್ರಕಾರ ಜನ ಬೆಳಕನ್ನು ಮೇಲಿನಿಂದ, ತುಸು ಎಡದಿಂದ ಬರುವಂತೆ ಕಲ್ಪಿಸಿಕೊಳ್ಳುತ್ತಾರೆ. ಹೀಗಾಗಿ ದೂಧಗಂಗಾ, ವೇದಗಂಗಾ ಹುಟ್ಟುವ ಸಹ್ಯಾದ್ರಿಯ ಕಣಿವೆಗಳು ಇಂಥ ಚಿತ್ರಗಳಲ್ಲಿ ಏರುದಿಣ್ಣೆಗಳಂತೆಯೂ, ನದಿ ಬೆಟ್ಟದ ನೆತ್ತಿಯ ಮೇಲೆ ಹರಿಯುವಂತೆಯೂ ಕಾಣುವುದುಂಟು. ನಕಾಶೆ ಬರೆಯುವವರು ವಾಯವ್ಯದಿಂದ ಬೆಳಕು ಬಿದ್ದಂತೆ ಬೆಟ್ಟಗಳಿಗೆ ನೆರಳು ಕೊಡುತ್ತಾರೆ. ಆ ಹೊತ್ತಿನಲ್ಲಿ ಸೂರ್ಯ ಅಲ್ಲಿ ಇರುವುದೇ ಇಲ್ಲ, ಆದರೂ ನಕಾಶೆ ಸರಿಯಾಗಿ ಓದಿಸಿಕೊಳ್ಳುತ್ತದೆ.

ಬೆಳಕಿನ ಮೂಲವನ್ನು ಚಿತ್ರವೇ ತೋರಿಸಿದರೆ ಕಣ್ಣು ತನ್ನ ನಂಬಿಕೆಯನ್ನು ಬಿಟ್ಟುಕೊಡುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿರುವ ಎಸ್. ಎಲ್. ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣ ಇದಕ್ಕೆ ನಿದರ್ಶನ. ಅಂಗೈ ಮರೆಯ ದೀಪದ ಬೆಳಕು ಕೆಳಗಿನಿಂದ ಮುಖಕ್ಕೆ ಬಿದ್ದಿದ್ದರೂ ಕೆನ್ನೆ ಗಲ್ಲಗಳು ತಗ್ಗಾಗಿ ಕಾಣುವುದಿಲ್ಲ. ಮುಖವೆಂಬುದು ಉಬ್ಬಿದ್ದೇ ಎಂಬ ಬಲವಾದ ಅರಿವು, ಬೆರಳ ಸಂದಿಯ ಕೆಂಪು, ಎರಡೂ ಸೇರಿ ಬೆಳಕಿನ ದಿಕ್ಕನ್ನು ನಿಶ್ಚಯಿಸಿಬಿಡುತ್ತವೆ.

ದಾಖಲೆಯ ಕ್ರಮಕ್ಕೆ ಕೆಲವು ಸೂಚನೆಗಳು

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದೆ. ಹೀಗೆ ಅಳೆದ ಮೇಲ್ಮೈಯಲ್ಲಿ ಆಳ ಊಹೆಯ ಮಾತಾಗಿ ಉಳಿಯುವುದಿಲ್ಲ. ಟಾಮ್ ಮಾಲ್ಜ್‌ಬೆಂಡರ್ 2001ರಲ್ಲಿ ಎಚ್‌ಪಿ ಪ್ರಯೋಗಾಲಯದಲ್ಲಿ ರೂಪಿಸಿದ, ಹಲವು ದಿಕ್ಕುಗಳ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಒಂದುಗೂಡಿಸುವ ತಂತ್ರವೂ ಇದೇ ಗುರಿಯದು. ಗಡಿಭಾಗದ ಹಳ್ಳಿಗಳಲ್ಲಿ ಓಡಾಡುವ ಕ್ಷೇತ್ರಕಾರ್ಯಕರ್ತರಿಗೆ ಇಂಥ ಸಲಕರಣೆ ಎಲ್ಲ ಕಾಲಕ್ಕೂ ಸಿಗಲಾರದು. ಅವರಿಗೆ ಮೂರು ಸಣ್ಣ ಕ್ರಮಗಳು ಸಾಕು. ಮೊದಲನೆಯದು, ಟಾರ್ಚನ್ನು ಒಮ್ಮೆ ಎಡಮೇಲಿನಿಂದ, ಒಮ್ಮೆ ಬಲಮೇಲಿನಿಂದ ಓರೆಯಾಗಿ ಹಿಡಿದು ಎರಡು ಚಿತ್ರ ತೆಗೆದು, ಬೆಳಕಿನ ದಿಕ್ಕನ್ನು ಬರೆದಿಡುವುದು. ಎರಡನೆಯದು, ಚೌಕಟ್ಟಿನೊಳಗೆ ಒಂದು ಗುಂಡಿಯನ್ನೋ ನಾಣ್ಯವನ್ನೋ ಇಟ್ಟು ಅದರ ನೆರಳನ್ನು ಸಾಕ್ಷಿಯಾಗಿಸಿಕೊಳ್ಳುವುದು. ಮೂರನೆಯದು, ಶಾಸನದ ತಲೆಯ ಭಾಗವನ್ನು ಕತ್ತರಿಸದೆ ಇರುವುದು. ಅಲ್ಲಿ ಕೆತ್ತಿದ ಸೂರ್ಯ, ಚಂದ್ರ, ಲಿಂಗ, ಹಸು ಕರುಗಳು ಸಾಮಾನ್ಯವಾಗಿ ಉಬ್ಬುಶಿಲ್ಪಗಳು. ಅವು ಕುಳಿಬಿದ್ದಂತೆ ಕಂಡರೆ ಕೆಳಗಿನ ಅಕ್ಷರಗಳನ್ನು ಓದುವ ಮೊದಲು ಚಿತ್ರವನ್ನು ಬೇರೆ ಬೆಳಕಿನಲ್ಲಿ ಮತ್ತೆ ತೆಗೆಯಬೇಕಾಗುತ್ತದೆ.